ನೂರಾ ಹದಿನೆಂಟನೇ ಸಾಲು

ಕೋವಿಡ್ ಹಾವಳಿ ಇಳಿದು ಎರಡು ವರ್ಷವಾಗಿತ್ತು. ಆಗ ನಾನು ಚನ್ನಗಿರಿಯಲ್ಲಿ ಒಂದು ಆರೋಗ್ಯ ಸಂಸ್ಥೆಯ ಡೇಟಾ ಮೇಲ್ವಿಚಾರಕನಾಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡುವುದು ನಮ್ಮ ಯೋಜನೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಡಿಕೆ ಮಂಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಪ್ಪತ್ತಾರು ವರ್ಷ ಪಟ್ಟಿ, ಕೋಷ್ಟಕ, ವರದಿಗಳ ಜೊತೆಗೇ ಬದುಕಿದ್ದ ನನಗೆ, ಈ ಕೆಲಸದಲ್ಲಿ ಇನ್ನು ತಪ್ಪು ಮಾಡುವ ವಯಸ್ಸು ದಾಟಿತು ಎಂಬ ಸಣ್ಣ ಜಂಬವೂ ಇತ್ತು.

ಈ ತಪಾಸಣೆಯಲ್ಲಿ ಎರಡು ಹಂತ. ಮೊದಲನೆಯದು ಹಳ್ಳಿಯ ಕ್ಯಾಂಪಿನಲ್ಲಿ ನರ್ಸ್ ಮಾಡುವ ಸರಳ ಪರೀಕ್ಷೆ. ಅದರಲ್ಲಿ ಅನುಮಾನ ಬಂದರೆ ಎರಡನೇ ಪರೀಕ್ಷೆಗೆ ದಾವಣಗೆರೆಯ ಆಸ್ಪತ್ರೆಗೆ ಹೋಗಬೇಕು. ಅನುಮಾನ ಅಂದರೆ ಕ್ಯಾನ್ಸರ್ ಅಲ್ಲ. ಮುಂದೆ ಎಂದೋ ಕ್ಯಾನ್ಸರ್ ಆಗಬಹುದಾದ ಒಂದು ಬದಲಾವಣೆ, ಅಷ್ಟೆ. ಆಗಲೇ ಹೋದರೆ ಒಂದೇ ದಿನದಲ್ಲಿ ಚಿಕಿತ್ಸೆ ಮುಗಿಸಿ ಸಂಜೆಯ ಬಸ್ಸಿಗೆ ಮನೆಗೆ ವಾಪಸಾಗಬಹುದು. ಆದರೆ ಎಷ್ಟೋ ಹೆಂಗಸರು ಎರಡನೇ ಪರೀಕ್ಷೆಗೆ ಹೋಗುತ್ತಲೇ ಇರಲಿಲ್ಲ. ಯಾರು ಹೋದರು, ಯಾರು ಹೋಗಲಿಲ್ಲ ಎಂದು ತಿಳಿಯಲು ಕ್ಯಾಂಪಿನ ದಾಖಲೆಯನ್ನೂ ಆಸ್ಪತ್ರೆಯ ದಾಖಲೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಹೆಸರನ್ನು ಹೊಂದಿಸಬೇಕಿತ್ತು. ಕ್ಯಾಂಪಿನಲ್ಲಿ ‘ಗೌರಮ್ಮ’ ಆದವರು ಆಸ್ಪತ್ರೆಯಲ್ಲಿ ‘ಗೌರಿ ಕೆ.’ ಆಗಿರುತ್ತಿದ್ದರು. ನಮ್ಮ ಚನ್ನಗಿರಿಯ ನರ್ಸ್ ಮಂಜುಳಾ ಪ್ರತಿ ತಿಂಗಳೂ ಈ ಕೆಲಸಕ್ಕೆ ಒಂದು ವಾರ ಕೂರುತ್ತಿದ್ದರು. ಆ ವಾರ ಯಾವ ಹೆಂಗಸಿನ ಮನೆಗೂ ಹೋಗಲು ಅವರಿಗೆ ಆಗುತ್ತಿರಲಿಲ್ಲ.

ಆ ವಾರವನ್ನು ಉಳಿಸಬೇಕೆಂದು ನಾನೊಂದು ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರ್ ಯಾವ ಕೆಲಸದ ನಂತರ ಯಾವ ಕೆಲಸ ಮಾಡಬೇಕು ಎಂದು ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳು. ಐವತ್ತು ದಾಟಿದ ಮೇಲೆ ವಿಡಿಯೋ ನೋಡಿ ಕಲಿತ ವಿದ್ಯೆ ಅದು. ಮೂರು ತಿಂಗಳು ಹಿಡಿಯಿತು. ಮೊದಲ ಸಲ ಅದು ಸರಿಯಾಗಿ ಓಡಿ, ಎರಡನೇ ಪರೀಕ್ಷೆಗೆ ಹೋಗದವರ ಪಟ್ಟಿಯನ್ನು ಐದು ನಿಮಿಷದಲ್ಲಿ ತೆರೆಯ ಮೇಲೆ ಇಟ್ಟಾಗ ಮಂಜುಳಾ ಕುರ್ಚಿ ಎಳೆದುಕೊಂಡು ಬಂದು ಕೂತರು. ತಮ್ಮ ಕೈಬರಹದ ಪಟ್ಟಿಯ ಜೊತೆ ಪೂರ್ತಿ ತಾಳೆ ನೋಡಿದ ಮೇಲೆ, “ಸಾರ್, ನಾಳೆಯಿಂದ ಊರಿಗೆ ಹೋಗ್ತೀನಿ ನಾನು” ಅಂದರು. ಆ ತಿಂಗಳು ಅವರು ಮಾತಾಡಿಸಿದ ಹೆಂಗಸರಲ್ಲಿ ಹೆಚ್ಚಿನವರು ದಾವಣಗೆರೆಗೆ ಹೋಗಿ ಬಂದರು, ಇನ್ನೂ ಕೆಲವರ ಮನೆ ಉಳಿದಿತ್ತು.

ಸುದ್ದಿ ಉಳಿದ ಮೂರು ತಾಲ್ಲೂಕುಗಳಿಗೂ ಮುಟ್ಟಿತು. ತಿಂಗಳ ಸಭೆಯಲ್ಲಿ ಎಲ್ಲರೂ ಅದೇ ಕೇಳಿದರು. ಸಭೆ ಮುಗಿದ ಅರ್ಧ ಗಂಟೆಯಲ್ಲಿ ನಾನು ಆ ಸ್ಕ್ರಿಪ್ಟ್ ಇದ್ದ ಫೈಲನ್ನು ನಮ್ಮ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ‘ಎಲ್ಲರೂ ಬಳಸಿಕೊಳ್ಳಿ’ ಎಂದು ಕೆಳಗೆ ಬರೆದೆ. ಹೆಬ್ಬೆಟ್ಟು ಎತ್ತಿದ ಗುರುತುಗಳು ಒಂದರ ಹಿಂದೆ ಒಂದು ಬಂದವು. ಅವತ್ತು ಮಧ್ಯಾಹ್ನದ ಊಟ ರುಚಿಯಾಗಿತ್ತು ಅಂತ ಈಗಲೂ ನೆನಪಿದೆ.

ಸಂಜೆಯಿಂದ ಫೋನುಗಳು ಶುರುವಾದವು. ಹೊನ್ನಾಳಿಯಲ್ಲಿ ಸ್ಕ್ರಿಪ್ಟ್ ಮೊದಲ ಸಾಲಿಗೇ ನಿಂತಿತ್ತು. ಕಾರಣ ಸರಳ. ಡೇಟಾ ಎಲ್ಲಿದೆ ಎಂದು ಹೇಳುವ ಕಡೆ ನಾನು ನನ್ನದೇ ಕಂಪ್ಯೂಟರಿನ ಡ್ರೈವು, ನನ್ನದೇ ಫೋಲ್ಡರು, ನನ್ನದೇ ಹೆಸರು ಬರೆದಿದ್ದೆ. ಹೊನ್ನಾಳಿಯ ಕಂಪ್ಯೂಟರಿನಲ್ಲಿ ಆ ಜಾಗವೇ ಇರಲಿಲ್ಲ. ನ್ಯಾಮತಿಯವರಿಗೆ ಬೇರೆ ತೊಂದರೆ. ನ್ಯಾಮತಿ ಹೊಸ ತಾಲ್ಲೂಕು, ಮೊದಲು ಹೊನ್ನಾಳಿಗೆ ಸೇರಿತ್ತು. ನಾನು ಬಳಸಿದ್ದು ಹಳೆಯ ಊರುಗಳ ಪಟ್ಟಿ. ಅದರಲ್ಲಿ ನ್ಯಾಮತಿ ತಾಲ್ಲೂಕೇ ಇರಲಿಲ್ಲ. ಇವೆಲ್ಲ ತಿದ್ದಬಹುದಾದ ಸಂಗತಿಗಳು, ಒಂದು ವಾರದ ಕೆಲಸ ಅಂದುಕೊಂಡೆ.

ಜಗಳೂರಿನಿಂದ ಅವತ್ತು ಫೋನ್ ಬರಲಿಲ್ಲ. ಅಲ್ಲಿಯ ಕಂಪ್ಯೂಟರ್ ಕೆಲಸ ನೋಡುತ್ತಿದ್ದವರು ನೇತ್ರಾವತಿ, ಬಿಳಿಚೋಡಿನ ಹೆಣ್ಣುಮಗಳು. (ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.) ಬಿ.ಕಾಂ. ಓದಿದ್ದರು. ಮಾತು ಕಡಿಮೆ. ಯಾವ ಕಾಗದ ಕೊಟ್ಟರೂ ಕೊನೆಯ ಸಾಲಿನವರೆಗೆ ಓದದೆ ಸಹಿ ಹಾಕುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅವರು ಫೋನ್ ಮಾಡಿದರು.

“ಸಾರ್, ನಿಮ್ಮ ಸ್ಕ್ರಿಪ್ಟ್ ಇಲ್ಲಿ ಓಡಲಿಲ್ಲ. ಯಾಕೆ ಓಡಲಿಲ್ಲ ಅಂತ ಒಳಗೆ ತೆಗೆದು ಓದಿದೆ.”

“ಗೊತ್ತಾಯ್ತಮ್ಮ, ಫೋಲ್ಡರ್ ಹೆಸರು. ಸರಿ ಮಾಡ್ತಿದೀನಿ.”

“ಅದಲ್ಲ ಸಾರ್. ನೂರಾ ಹದಿನೆಂಟನೇ ಸಾಲು ನೋಡ್ರಿ. ಆಕೆ ನಮ್ಮಕ್ಕ.”

ಫೋನ್ ಹಿಡಿದುಕೊಂಡೇ ಫೈಲು ತೆಗೆದೆ. ಹೆಸರುಗಳನ್ನು ಎರಡು ಕಡೆ ಎರಡು ರೀತಿ ಬರೆದಿರುತ್ತಿದ್ದರು ಅಂದೆನಲ್ಲ, ಸ್ಕ್ರಿಪ್ಟಿಗೆ ಹೊಂದಿಸಲಾಗದ ಅಂಥವನ್ನು ನಾನು ಕೈಯಿಂದ ತಿದ್ದಿದ್ದೆ. ಆ ತಿದ್ದುಪಡಿಯನ್ನು ಸ್ಕ್ರಿಪ್ಟಿನ ಒಳಗೇ ಬರೆದಿದ್ದೆ. ನನಗೆ ನೆನಪಿರಲಿ ಎಂದು ಪ್ರತಿಯೊಂದರ ಪಕ್ಕದಲ್ಲಿ ಟಿಪ್ಪಣಿಯನ್ನೂ ಹಾಕಿದ್ದೆ. ಹೆಂಗಸಿನ ಹೆಸರು, ಗಂಡನ ಹೆಸರು, ಊರು, ಮತ್ತು ‘ಪಾಸಿಟಿವ್, ಬಂದಿಲ್ಲ’ ಎಂಬ ಮಾತು. ಅಂಥ ಹನ್ನೊಂದು ಸಾಲುಗಳಿದ್ದವು. ಡೇಟಾ ಫೈಲಿಗೆ ಪಾಸ್‌ವರ್ಡ್ ಹಾಕಿ, ಅದನ್ನು ಯಾರಿಗೂ ಕೊಡದೆ ಕಾಪಾಡಿಕೊಂಡು ಬಂದಿದ್ದೆ. ಸ್ಕ್ರಿಪ್ಟಿನಲ್ಲಿ ಡೇಟಾ ಇರುವುದಿಲ್ಲ, ಬರೀ ಆಜ್ಞೆ ಇರುತ್ತದೆ ಎಂದು ನಂಬಿ ಅದನ್ನು ಹದಿನಾಲ್ಕು ಜನರ ಫೋನಿಗೆ ಕಳಿಸಿದ್ದೆ.

ನೇತ್ರಾವತಿ ಬೈಯಲಿಲ್ಲ. “ಅಕ್ಕ ನನಗೆ ಏನೂ ಹೇಳಿಲ್ಲ ಸಾರ್. ಹೋದ ತಿಂಗಳು ಬಂದಾಗ ಎರಡು ದಿನ ಇದ್ಲು. ಒಂದು ಮಾತು ಹೇಳಲಿಲ್ಲ” ಅಂದರು. ಆಮೇಲೆ ಅವರೇ ಫೋನ್ ಇಟ್ಟರು.

ಫೈಲನ್ನು ಗುಂಪಿನಿಂದ ಅಳಿಸಿದೆ. ಆದರೆ ಅಷ್ಟರಲ್ಲಿ ಎಷ್ಟೋ ಜನ ಇಳಿಸಿಕೊಂಡಿದ್ದರು. ನಮ್ಮ ಯೋಜನೆಯ ಮುಖ್ಯಸ್ಥೆ ಒಬ್ಬ ವೈದ್ಯೆ. ಅವರ ಕೋಣೆಗೆ ಹೋಗಿ ನಡೆದದ್ದನ್ನು ಪೂರ್ತಿ ಹೇಳಿದೆ. ಕೆಲಸ ಹೋಗಬಹುದು ಎಂಬ ಅಂಜಿಕೆ ಇತ್ತು, ಸುಳ್ಳೇಕೆ ಹೇಳಲಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹದಿನಾಲ್ಕು ಜನಕ್ಕೂ ಒಬ್ಬೊಬ್ಬರಿಗೇ ಫೋನ್ ಮಾಡಿ ಅಳಿಸಿಸಿ. ಯಾರು ತೆಗೆದು ನೋಡಿದರು, ಯಾರು ನೋಡಿಲ್ಲ, ಬರೆದುಕೊಳ್ಳಿ. ಆಮೇಲೆ ಆ ಹನ್ನೊಂದು ಜನಕ್ಕೂ ಹೇಳಬೇಕು. ಮಂಜುಳಾ ಜೊತೆಗೆ ಬರಲಿ, ಆದರೆ ಹೇಳೋರು ನೀವೇ.”

“ಅವರಿಗೆ ಗೊತ್ತೇ ಆಗಿಲ್ಲವಲ್ಲ ಮೇಡಂ” ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಫೈಲು ತೆಗೆದು ಒಳಗೆ ಓದಿದವರು ಮೂವರು. ಉಳಿದವರು ಇಳಿಸಿಕೊಂಡು ಹಾಗೇ ಬಿಟ್ಟಿದ್ದರು. ಎಲ್ಲರೂ ಅಳಿಸಿದರು, ಎರಡು ದಿನ ಹಿಡಿಯಿತು. ಮೂರನೇ ದಿನ ನಾವು ಮೊದಲು ಹೊರಟಿದ್ದು ನೇತ್ರಾವತಿಯ ಅಕ್ಕನ ಮನೆಗೆ. ಅವರಿಗೆ ಇಲ್ಲಿ ಬದಲಿ ಹೆಸರನ್ನೂ ಇಡುವುದಿಲ್ಲ, ಅಕ್ಕ ಎಂದೇ ಬರೆಯುತ್ತೇನೆ. ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಗೆ ಅವರನ್ನು ಕೊಟ್ಟಿದ್ದರು. ಮನೆಯ ಮುಂಬಾಗಿಲ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಬ್ಲೌಸುಗಳನ್ನು ಹೊಲಿಯುತ್ತಿದ್ದರು. ಸಂಸ್ಥೆಯ ಜೀಪು ಬೇಡ ಎಂದು ಮಂಜುಳಾ ಮೊದಲೇ ಹೇಳಿದ್ದರಿಂದ ಬಸ್ಸಿನಲ್ಲಿ ಹೋದೆವು. ಯಾರಾದರೂ ಕೇಳಿದರೆ ಇರಲಿ ಎಂದು ಮಂಜುಳಾ ಬ್ಯಾಗಿನಲ್ಲಿ ಒಂದು ಬ್ಲೌಸ್ ಪೀಸ್ ಇಟ್ಟುಕೊಂಡಿದ್ದರು. ನೇತ್ರಾವತಿ ಬೆಳಗಿನ ಬಸ್ಸಿಗೇ ಬಿಳಿಚೋಡು ಬಿಟ್ಟು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ನಮಗಿಂತ ಮುಂಚೆ ಬಂದು ಕೂತಿದ್ದರು. “ನಾನು ಓದಿದ್ದನ್ನ ಅಕ್ಕಗೆ ನಾನೇ ಹೇಳ್ತೀನಿ. ನೀವು ನಿಮ್ಮ ಮಾತು ಹೇಳ್ರಿ” ಎಂದು ಫೋನಿನಲ್ಲೇ ತಿಳಿಸಿದ್ದರು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಏನು ಬರೆದಿದ್ದೆ, ಎಲ್ಲಿಗೆ ಕಳಿಸಿದೆ, ಎಷ್ಟು ಜನಕ್ಕೆ ಹೋಯಿತು ಎಲ್ಲವನ್ನೂ. ಅಕ್ಕ ಯಂತ್ರದ ಮೇಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

“ಅದರಾಗೆ ಗಂಡಸ್ರು ಎಷ್ಟು ಜನ ಸಾರ್?”

“ಆ ಗುಂಪಿನಲ್ಲಿ ಆರು ಜನ ಗಂಡಸರು. ಓದಿದವರು ಒಬ್ಬರು. ನನ್ನ ಬಿಟ್ಟು.”

“ನಿಮ್ಮನ್ನ ಯಾಕೆ ಬಿಡಬೇಕು” ಅಂದರು ಅಕ್ಕ. ದನಿ ಏರಲಿಲ್ಲ. “ಕ್ಯಾಂಪಿನಾಗೆ ಸಿಸ್ಟರ್ ನನ್ನ ಕೈ ಹಿಡಕೊಂಡು ಹೇಳಿದ್ರು. ನನಗೂ ಡಾಕ್ಟ್ರಿಗೂ ಬಿಟ್ರೆ ಯಾರಿಗೂ ಗೊತ್ತಾಗಲ್ಲಮ್ಮ, ಪರೀಕ್ಷೆ ಮಾಡಿಸ್ಕೋ ಅಂತ. ಅದಕ್ಕೇ ಒಪ್ಪಿಕೊಂಡೆ. ಚನ್ನಗಿರಿಯಾಗೆ ಒಬ್ಬ ಗಂಡಸು ಕುಂತು ನನ್ನ ಹೆಸರು, ನನ್ನ ಗಂಡನ ಹೆಸರು ಬರೀತಾನೆ ಅಂತ ಯಾರೂ ಹೇಳಲಿಲ್ಲ.”

ಮಂಜುಳಾ ತಲೆ ತಗ್ಗಿಸಿದರು. ವಾಟ್ಸಾಪಿಗೆ ಹಾಕಿದ್ದು ತಪ್ಪು ಎಂದು ಕ್ಷಮೆ ಕೇಳಲು ಬಂದಿದ್ದೆ ನಾನು. ಆಕೆಯ ದೃಷ್ಟಿಯಲ್ಲಿ ತಪ್ಪು ಅದಕ್ಕೆ ಎಷ್ಟೋ ತಿಂಗಳ ಹಿಂದೆಯೇ, ನನ್ನ ಮೇಜಿನ ಮೇಲೆ ಆಗಿತ್ತು.

ನೇತ್ರಾವತಿ ಮೊದಲ ಬಾರಿಗೆ ಬಾಯಿ ಬಿಟ್ಟರು. “ಅಕ್ಕ, ನಾನೂ ಓದಿದೆ. ನಿನ್ನ ಕೇಳದೆ ಓದಿದಂಗಾತು. ಆದ್ರೆ ಓದಿದ ಮ್ಯಾಲೆ ಸುಮ್ನೆ ಇರಾಕೆ ಆಗಲ್ಲ ನನಗೆ. ಯಾಕೆ ಹೋಗಲಿಲ್ಲ ನೀನು?”

ಅಕ್ಕ ತಂಗಿಯ ಕಡೆ ನೋಡಲೇ ಇಲ್ಲ. ಗೋಡೆಯ ಕಡೆ ತಿರುಗಿ ಅಂದರು, “ಪಾಸಿಟಿವ್ ಅಂದ್ರಲ್ಲ, ಬಂದೇಬಿಟ್ಟೈತೆ ಅಂದ್ಕೊಂಡೆ. ಬಂದ ಮ್ಯಾಲೆ ಹೋಗಿ ಏನು ಮಾಡಾಕೆ ಐತೆ. ಜೀಪು ಮನೆ ಮುಂದೆ ಬಂದು ನಿಂತ್ರೆ ಊರಾಗೆ ನನ್ನ ಹತ್ರ ಯಾರು ಬಟ್ಟೆ ಹೊಲಿಸ್ತಾರೆ?”

ಆಗ ಮಂಜುಳಾ ಎದ್ದು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಪಾಸಿಟಿವ್ ಅಂದರೆ ಏನು, ಏನಲ್ಲ ಎಂದು ಸಾವಕಾಶವಾಗಿ ವಿವರಿಸಿದರು. ನಾನು ಅಂಗಳಕ್ಕೆ ಬಂದು ನಿಂತೆ, ಅದು ನನ್ನ ಕಿವಿಗೆ ಬೀಳಬೇಕಾದ ಮಾತಲ್ಲ. ಕಾಲು ಗಂಟೆಯ ಮೇಲೆ ಅಕ್ಕ ಬಾಗಿಲಿಗೆ ಬಂದರು.

“ಬರ್ತೀನಿ ಅಂತ ಸಿಸ್ಟರ್‌ಗೆ ಹೇಳೀನಿ. ಬಸ್ಸಿನಾಗೆ ಬರ್ತೀನಿ. ನನ್ನ ಹೆಸರು ಅಳಿಸೀನಿ ಅಂದ್ರಿ, ಆತು. ನಾಳೆ ಇನ್ನೊಬ್ಬಾಕೆ ಹೆಸರು ಹಿಂಗೇ ಹೋಗಂಗಿಲ್ಲ ಅಂತ ಹೆಂಗೆ ಹೇಳ್ತೀರಿ?”

“ಇವತ್ತು ಹೇಳೋಕಾಗಲ್ಲಮ್ಮ. ಹೇಳೋ ಹಂಗೆ ಮಾಡ್ತೀನಿ” ಅಂದೆ. ಅಕ್ಕ ತಲೆಯಾಡಿಸಿದರು. ಒಪ್ಪಿಕೊಂಡರೋ ಕಳಿಸಿಕೊಟ್ಟರೋ ತಿಳಿಯಲಿಲ್ಲ.

ಉಳಿದ ಹತ್ತು ಮನೆಗಳಿಗೂ ಹೋದೆವು. ಇಬ್ಬರು ಗಟ್ಟಿಯಾಗಿ ಬೈದರು. ಒಬ್ಬ ಅಜ್ಜಿ ನಕ್ಕು, ಈ ವಯಸ್ಸಿನಲ್ಲಿ ನನ್ನ ಹೆಸರು ಯಾರು ಓದಿದರೇನು ಎಂದು ಮಜ್ಜಿಗೆ ಕೊಟ್ಟರು. ಒಬ್ಬ ಹೆಣ್ಣುಮಗಳು ಮಾತು ಪೂರ್ತಿ ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡವಳು ಮತ್ತೆ ನಮ್ಮ ಯಾವ ಕ್ಯಾಂಪಿಗೂ ಬರಲಿಲ್ಲ. ಆ ಬಾಗಿಲನ್ನು ನಾನು ಮರೆತಿಲ್ಲ.

ಸ್ಕ್ರಿಪ್ಟನ್ನು ಬಿಟ್ಟೇಬಿಡೋಣ, ಹಳೆಯ ಹಾಗೆ ಕೈಯಲ್ಲೇ ಪಟ್ಟಿ ಮಾಡೋಣ ಎಂದು ಮುಖ್ಯಸ್ಥೆಗೆ ಹೇಳಿದೆ. ವಿಷಯ ತಿಳಿದ ನೇತ್ರಾವತಿ ಅವರಿಗಿಂತ ಮೊದಲೇ ಫೋನ್ ಮಾಡಿ ಬೇಡ ಅಂದರು. “ಅದು ಇಲ್ದಿದ್ರೆ ಅಕ್ಕ ಹೋಗಿಲ್ಲ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ ಸಾರ್. ಜಗಳೂರಿನಾಗೆ ಅಂಥೋರು ಎಷ್ಟು ಜನ ಅವರೋ. ತಿದ್ದಾಣ. ಕಳಿಸಾಕೆ ಮುಂಚೆ ಪ್ರತಿ ಸಾಲು ನಾನು ಓದ್ತೀನಿ.”

ನಾವಿಬ್ಬರೂ ಐದು ವಾರ ಕೂತೆವು, ಅವರು ಜಗಳೂರಿನಲ್ಲಿ, ನಾನು ಚನ್ನಗಿರಿಯಲ್ಲಿ. ಒಂದು ನಿಯಮ ಇಟ್ಟುಕೊಂಡೆವು. ಸ್ಕ್ರಿಪ್ಟ್ ಊರಿಂದೂರಿಗೆ ಓಡಾಡಲಿ, ಡೇಟಾ ತನ್ನ ತಾಲ್ಲೂಕು ಬಿಟ್ಟು ಅಲುಗಬಾರದು. ನನ್ನ ಕಂಪ್ಯೂಟರಿನ ವಿಳಾಸಗಳೆಲ್ಲ ಹೋದವು. ಸ್ಕ್ರಿಪ್ಟ್ ತಾನು ಕೂತ ಫೋಲ್ಡರಿನ ಪಕ್ಕದಲ್ಲೇ ಡೇಟಾ ಹುಡುಕುವಂತಾಯಿತು. ತಾಲ್ಲೂಕಿನ ಹೆಸರು, ಊರುಗಳ ಪಟ್ಟಿ, ಕ್ಯಾಂಪುಗಳ ವಿವರ ಬೇರೆ ಒಂದು ಸಣ್ಣ ಫೈಲಿಗೆ ಹೋದವು. ಅದನ್ನು ಆಯಾ ತಾಲ್ಲೂಕಿನವರೇ ತುಂಬಿಕೊಳ್ಳಬೇಕು. ಹೆಸರಿನ ತಿದ್ದುಪಡಿಗಳು ಸ್ಕ್ರಿಪ್ಟಿನಿಂದ ಹೊರಬಿದ್ದು ನರ್ಸಿನ ಕಂಪ್ಯೂಟರಿಗೆ ಸೇರಿದವು.

ಅಕ್ಕನ ಮಾತು ನನ್ನನ್ನು ಬಿಟ್ಟಿರಲಿಲ್ಲ. ಹಾಗಾಗಿ ಇನ್ನೊಂದು ಹೆಜ್ಜೆ ಮುಂದೆ ಹೋದೆವು. ಕ್ಯಾಂಪಿನಲ್ಲೇ ಪ್ರತಿ ಹೆಂಗಸಿಗೆ ಒಂದು ನಂಬರಿನ ಚೀಟಿ, ಆಸ್ಪತ್ರೆಯ ದಾಖಲೆಯಲ್ಲೂ ಅದೇ ನಂಬರು. ಹಳೆಯ ದಾಖಲೆಗಳಿಗೆ ಆಯಾ ತಾಲ್ಲೂಕಿನ ನರ್ಸುಗಳೇ ಕೂತು ನಂಬರು ಹಾಕಿದರು. ಸ್ಕ್ರಿಪ್ಟ್ ಹೊರಗೆ ಕೊಡುವ ಪಟ್ಟಿಯಲ್ಲಿ ನಂಬರು ಮತ್ತು ಊರು ಮಾತ್ರ. ಯಾವ ನಂಬರು ಯಾರದು ಎಂಬ ಪುಸ್ತಕ ನರ್ಸಿನ ಬೀರುವಿನಲ್ಲಿ, ಬೀಗದ ಕೈ ಅವರ ಬಳಿ. ಅಂದಿನಿಂದ ನಾನೂ ಹೆಸರು ನೋಡುವಂತಿರಲಿಲ್ಲ. ಮೊದಮೊದಲು ಕಣ್ಣು ಕಟ್ಟಿ ಕೂರಿಸಿದ ಹಾಗೆ ಅನಿಸಿತು. ತಿಂಗಳೊಳಗೆ ರೂಢಿಯಾಯಿತು.

ಸ್ಕ್ರಿಪ್ಟ್ ಸರಿಯಾಗಿ ಓಡುತ್ತದೆಯೇ ಎಂದು ಹೊಸಬರು ನೋಡಬೇಕಾದರೆ ಡೇಟಾ ಬೇಕಲ್ಲ. ಅದಕ್ಕೆ ನೇತ್ರಾವತಿ ಎಲ್ಲೂ ಇಲ್ಲದ ನಲವತ್ತು ಜನ ಹೆಂಗಸರನ್ನು ಹುಟ್ಟಿಸಿದರು. ರಾಗಮ್ಮ, ಜೋಳಮ್ಮ, ಮೆಣಸಿನಮ್ಮ, ಹುರುಳಿಯಮ್ಮ. ಊರುಗಳು ಒಂದನೇ ಊರು, ಎರಡನೇ ಊರು. ನಿಜವಾದ ದಾಖಲೆಯಲ್ಲಿ ಇರುವಂತೆಯೇ ತಪ್ಪುಗಳನ್ನೂ ಬೇಕೆಂದೇ ಸೇರಿಸಿದರು. ಜೋಳಮ್ಮ ಆಸ್ಪತ್ರೆಯಲ್ಲಿ ‘ಜೋಲಮ್ಮ’ ಆದಳು. ಮೆಣಸಿನಮ್ಮನ ವಯಸ್ಸು ಮುನ್ನೂರ ನಲವತ್ತು.

ಮುಗಿಯಿತು ಅಂದುಕೊಂಡು ನಾನು ಕಳಿಸಲು ಹೊರಟ ದಿನ ನೇತ್ರಾವತಿ ತಡೆದರು. “ತಪ್ಪು ಬಂದಾಗ ಏನು ತೋರಿಸ್ತೈತೆ ನೋಡಿದ್ರಾ ಸಾರ್?” ನಾನು ನೋಡಿರಲಿಲ್ಲ. ಡೇಟಾದ ಯಾವುದಾದರೂ ಸಾಲಿನಲ್ಲಿ ತೊಂದರೆ ಕಂಡರೆ ಸ್ಕ್ರಿಪ್ಟ್ ಆ ಇಡೀ ಸಾಲನ್ನು, ಹೆಸರಿನ ಸಮೇತ, ತೆರೆಯ ಮೇಲೆ ಬರೆಯುತ್ತಿತ್ತು. “ಇದರ ಫೋಟೋ ತೆಗೆದು ಗ್ರೂಪಿಗೆ ಹಾಕಿ, ಯಾಕೆ ಹಿಂಗೆ ಬಂತು ಅಂತ ಕೇಳೇ ಕೇಳ್ತಾರೆ” ಅಂದರು. ನಿಜ, ನಾನೇ ಆದರೂ ಹಾಗೆ ಮಾಡುತ್ತಿದ್ದೆ. ಸಾಲಿನ ಸಂಖ್ಯೆ ಮಾತ್ರ ತೋರಿಸುವಂತೆ ತಿದ್ದಿದೆವು.

ಈ ನಡುವೆ ಅಕ್ಕ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಬಂದಿದ್ದರು. ಒಂದೇ ದಿನದ ಚಿಕಿತ್ಸೆ. ಇದನ್ನು ನನಗೆ ಹೇಳಿದ್ದು ಮಂಜುಳಾ ಅಲ್ಲ, ಅಕ್ಕನ ಒಪ್ಪಿಗೆ ಕೇಳಿಕೊಂಡು ನೇತ್ರಾವತಿ ಹೇಳಿದರು. ಅಕ್ಕತಂಗಿಯರ ನಡುವೆ ಮೂರು ವಾರ ಮಾತು ಬಿಟ್ಟುಹೋಗಿತ್ತಂತೆ. ಚಿಕಿತ್ಸೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಲು ಯಾರಾದರೂ ಬೇಕಲ್ಲ ಎಂದು ಅಕ್ಕನೇ ಫೋನ್ ಮಾಡಿ ಕರೆದರಂತೆ.

ಹೊಸ ಸ್ಕ್ರಿಪ್ಟ್ ನಾಲ್ಕೂ ಕಡೆ ಓಡಿತು. ಜಗಳೂರಿನಲ್ಲಿ ಮೊದಲ ಪ್ರಯತ್ನಕ್ಕೇ. ನಾವು ಎಣಿಸದೇ ಇದ್ದ ಸಂಗತಿ ತೆರೆದುಕೊಂಡಿದ್ದು ನ್ಯಾಮತಿಯಲ್ಲಿ. ಪ್ರತಿ ತಾಲ್ಲೂಕೂ ತನ್ನ ಊರುಗಳ ಪಟ್ಟಿಯನ್ನು ತಾನೇ ತುಂಬಬೇಕು ಎಂದಿದ್ದೆವಲ್ಲ, ನ್ಯಾಮತಿಯವರು ಹೊಸ ಪಟ್ಟಿ ನೋಡಿ ಸವಳಂಗವನ್ನೂ ಅದರ ಸುತ್ತಲಿನ ಕೆಲವು ಹಳ್ಳಿಗಳನ್ನೂ ಸೇರಿಸಿದರು. ಆಗ ಆ ಊರುಗಳ ಒಂಬತ್ತು ನಂಬರುಗಳು ಒಮ್ಮೆಲೇ ಮೇಲೆ ಬಂದವು. ಅನುಮಾನ ಇದೆ ಎಂದು ಗೊತ್ತಾಗಿ ಒಂದು ವರ್ಷದ ಹತ್ತಿರ ಆಗಿದ್ದರೂ ಆ ಒಂಬತ್ತು ಜನರನ್ನು ಯಾರೂ ಮಾತಾಡಿಸಿರಲಿಲ್ಲ. ನ್ಯಾಮತಿಯವರು ಹೊನ್ನಾಳಿಯವರು ನೋಡುತ್ತಾರೆ ಅಂದುಕೊಂಡಿದ್ದರು, ಹೊನ್ನಾಳಿಯವರು ನ್ಯಾಮತಿಯವರು ನೋಡುತ್ತಾರೆ ಅಂದುಕೊಂಡಿದ್ದರು. ನನ್ನ ಹಳೆಯ ಸ್ಕ್ರಿಪ್ಟ್ ಇದ್ದ ಹಾಗೇ ಓಡಿದ್ದರೆ, ಅವರು ಅದರಲ್ಲೂ ಕಾಣುತ್ತಿರಲಿಲ್ಲ.

ನ್ಯಾಮತಿಯ ನರ್ಸ್ ಮರುದಿನವೇ ಪುಸ್ತಕ ತೆಗೆದು ಹೊರಟರು. ಎಂಟು ಜನ ಆ ತಿಂಗಳಲ್ಲೇ ಆಸ್ಪತ್ರೆಗೆ ಹೋದರು. ಒಂಬತ್ತನೆಯವರು ಇಪ್ಪತ್ಮೂರನೇ ನಂಬರಿನವರು. ಮೂರು ಸಲ ಮನೆಗೆ ಹೋದರೂ ಒಲ್ಲೆ ಅಂದಿದ್ದರು. ನಾಲ್ಕನೇ ಸಲ ಒಪ್ಪಿದರು. ಪರೀಕ್ಷೆಯಲ್ಲಿ ಕಾಯಿಲೆ ಮೊದಲ ಹೆಜ್ಜೆ ಇಟ್ಟಿದ್ದು ಕಂಡಿತು, ಆಪರೇಷನ್ ಆಯಿತು. ಇನ್ನೊಂದು ವರ್ಷ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಸಭೆಯಲ್ಲಿ ಮುಖ್ಯಸ್ಥೆ, “ಇಪ್ಪತ್ಮೂರನೇ ನಂಬರ್ ಮನೆಗೆ ಬಂದರು, ಚೆನ್ನಾಗಿದ್ದಾರೆ” ಎಂದಷ್ಟೇ ಓದಿದರು. ಯಾರೂ ಹೆಸರು ಕೇಳಲಿಲ್ಲ. ನೇತ್ರಾವತಿ ತಲೆ ತಗ್ಗಿಸಿಕೊಂಡು ಏನನ್ನೋ ಬರೆದುಕೊಳ್ಳುತ್ತಿದ್ದರು, ಕಣ್ಣು ಒರೆಸಿಕೊಂಡದ್ದು ನನಗೆ ಮಾತ್ರ ಕಂಡಿತು.

ಆಮೇಲೆ ಸ್ಕ್ರಿಪ್ಟನ್ನು ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಂಟರ್‌ನೆಟ್ಟಿನಲ್ಲಿ ಇಟ್ಟೆವು, ಜೋಳಮ್ಮ ಮೆಣಸಿನಮ್ಮರ ಸಮೇತ. ಗುರುತಿಲ್ಲದ ಊರುಗಳಿಂದ ಫೋನುಗಳು ಬರತೊಡಗಿದವು. ಉತ್ತರದ ಕಡೆಯ ಒಂದು ಜಿಲ್ಲೆಯವರು, “ನಿಮ್ಮ ಹುರುಳಿಯಮ್ಮನ್ನ ಎರಡು ಸಲ ಎಣಿಸ್ತೈತ್ರಿ ಇದು” ಎಂದು ತಪ್ಪು ಹಿಡಿದು, ತಿದ್ದಿಯೂ ಕಳಿಸಿದರು. ಹದಿನಾಲ್ಕು ಜನರ ಗುಂಪಿಗೆ ಕಳಿಸಿದ್ದಕ್ಕೆ ಅಂಜಿದ್ದ ನಾನು, ಈಗ ಅದನ್ನು ಇಡೀ ಜಗತ್ತಿಗೆ ಕೊಟ್ಟು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಅದರಲ್ಲಿ ಬಚ್ಚಿಡಬೇಕಾದ್ದು ಒಂದೂ ಉಳಿದಿರಲಿಲ್ಲ.

ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ಕ್ಯಾಂಪಿನ ಕೆಲಸಕ್ಕೆ ನ್ಯಾಮತಿಯಿಂದ ಸವಳಂಗದ ಬಸ್ಸು ಹತ್ತಿದ್ದೆ. ಸಂತೆ ಮುಗಿಸಿದ ಹೆಂಗಸರಿಂದ ಬಸ್ಸು ತುಂಬಿತ್ತು. ನನ್ನ ಮುಂದಿನ ಸೀಟಿನಲ್ಲಿ ಒಬ್ಬರು ಪಕ್ಕದವರಿಗೆ ಮಗಳ ಹೆರಿಗೆಯ ಸುದ್ದಿ ಹೇಳುತ್ತಿದ್ದರು, ಇನ್ನೊಬ್ಬರು ಕಂಡಕ್ಟರ್ ಜೊತೆ ಜಗಳ ತೆಗೆದಿದ್ದರು, ಕಿಟಕಿಗೆ ತಲೆ ಆನಿಸಿ ಒಬ್ಬರು ನಿದ್ದೆ ಹೋಗಿದ್ದರು. ಇವರಲ್ಲಿ ಯಾರಾದರೂ ಇಪ್ಪತ್ಮೂರನೇ ನಂಬರಿನವರು ಇರಬಹುದು ಎಂದು ಹೊಳೆದು, ಒಮ್ಮೆ ಸುತ್ತ ಕಣ್ಣಾಡಿಸಿದೆ. ಆಕೆ ಎದುರಿಗೇ ಕೂತಿದ್ದರೂ ನನಗೆ ಗೊತ್ತಾಗುವಂತಿರಲಿಲ್ಲ. ಒಬ್ಬರ ಕೆಲಸಕ್ಕೆ ಬರಬೇಕಾದರೆ ಅವರು ಯಾರೆಂದು ತಿಳಿದಿರಲೇಬೇಕು ಎಂದು ಇಪ್ಪತ್ತಾರು ವರ್ಷ ನಂಬಿದ್ದೆ. ಬೇಕಾಗಿಲ್ಲ ಎಂದು ಈ ಕೆಲಸ ಕೊನೆಗೆ ಕಲಿಸಿತು. ಸವಳಂಗ ಬಂತು, ಹೆಂಗಸರೆಲ್ಲ ಚೀಲ ಎತ್ತಿಕೊಂಡು ಇಳಿದು ತಮ್ಮತಮ್ಮ ಓಣಿಗಳ ಕಡೆ ನಡೆದರು.